ಬಾರದವರ ಲೆಕ್ಕ

ವಾರ್ಡ್ ಕಚೇರಿಗೋ ಗ್ರಂಥಾಲಯಕ್ಕೋ ಒಂದು ಇಳಿಜಾರು ದಾರಿ ಬೇಕೆಂದು ಕೇಳಹೊರಟರೆ ಮೊದಲು ಎದುರಾಗುವ ಪ್ರಶ್ನೆ: "ಗಾಲಿಕುರ್ಚಿಯಲ್ಲಿ ಇಲ್ಲಿಗೆ ಬರುವವರು ಎಷ್ಟು ಮಂದಿ?" ಮೇಲ್ನೋಟಕ್ಕೆ ಇದು ಲೆಕ್ಕದ ಪ್ರಶ್ನೆ, ನಿಜವಾಗಿ ನೀತಿಯ ಪ್ರಶ್ನೆ. ಬರಿಯ ಮೆಟ್ಟಿಲುಗಳಿರುವಲ್ಲಿ ಅವರು ಬರುವುದಾದರೂ ಹೇಗೆ? ಬರಲಾಗದವರನ್ನು ಬೇಡವೆಂದವರ ಲೆಕ್ಕಕ್ಕೆ ಸೇರಿಸುವುದು ನ್ಯಾಯವೇ?

2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದಿಲ್ಲಿಗೆ ಬಂದಾಗ, ಜಾವೇದ್ ಆಬಿದಿ ಮತ್ತು ಅವರ ಸಂಗಡಿಗರ ಒತ್ತಾಯದಿಂದ ಕುತುಬ್ ಮಿನಾರ್ ಮೊದಲಾದ ಸ್ಮಾರಕಗಳಲ್ಲಿ ಮರದ ತಾತ್ಕಾಲಿಕ ಇಳಿಜಾರುಗಳು ಸಿದ್ಧವಾದವು. ಸಂತೋಷವೇ. ಆದರೆ ದೊಡ್ಡವರೊಬ್ಬರಿಗಾಗಿ ಆಗುವ ಕೆಲಸ ಸಾಮಾನ್ಯರಿಗಾಗಿ ಏಕೆ ಆಗಬಾರದು? ಅಡ್ಡಿ ಇದ್ದದ್ದು ಕಲ್ಲಿನಲ್ಲಲ್ಲ, ಮನಸ್ಸಿನಲ್ಲಿ.

ಈಗ ಇದು ದಯೆಯ ಮಾತೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 44ನೆಯ ಕಲಮಿನಂತೆ, ಈ ಸೌಲಭ್ಯಗಳ ನಿಯಮಗಳನ್ನು ಪಾಲಿಸದ ನಕ್ಷೆಗೆ ಕಟ್ಟಡದ ಪರವಾನಗಿ ಕೊಡುವಂತಿಲ್ಲ. ಅಂಥ ನಿಯಮಗಳು ಬರಿಯ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಆದರೆ ಕಾಯಿದೆ ತಾನಾಗಿ ನಡೆಯದು, ಕೇಳುವವರು ಬೇಕು. ನಮ್ಮಂಥ ಸಂಘಗಳ ಕೆಲಸ ಇಲ್ಲಿದೆ. ಕಟ್ಟಡ ಎದ್ದ ಮೇಲೆ ದೂರುವುದಕ್ಕಿಂತ ನಕ್ಷೆಯ ಹಂತದಲ್ಲೇ ವಿಚಾರಿಸುವುದು ಮೇಲು. ಆಗ ಖರ್ಚೂ ಕಡಿಮೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂಬುದು ಇಳಿಜಾರಿನ ರೂಢಿಯ ಲೆಕ್ಕ. ಬಾಗಿಲು ಒಂದೂವರೆ ಅಡಿ ಮೇಲಿದ್ದರೆ ಹದಿನೆಂಟು ಅಡಿ ಬೇಕು. ಇಷ್ಟನ್ನು ಬರೆದುಕೊಟ್ಟು, ಅರ್ಜಿಗೆ ಸ್ವೀಕೃತಿ ಪಡೆದು, ಬೆನ್ನುಹತ್ತಬೇಕು. ಹೋಗುವಾಗ ಗಾಲಿಕುರ್ಚಿಯವರೂ ಊರುಗೋಲಿನವರೂ ಜೊತೆಗಿರಲಿ, ಮಾತೂ ಅವರದೇ ಇರಲಿ. ಅವರ ಪರವಾಗಿ ನಾವೇ ಎಲ್ಲವನ್ನೂ ಹೇಳಿಬಿಟ್ಟರೆ, ಅದೂ ಅವರನ್ನು ಹೊರಗಿಟ್ಟಂತೆಯೇ.

ಪರಊರಿನಲ್ಲಿ ನಾವು ಅಲ್ಪಸಂಖ್ಯಾತರು. ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಒಂದು ಕೊಠಡಿ, ವಾಚನಾಲಯದಲ್ಲಿ ಒಂದು ಕನ್ನಡ ಪತ್ರಿಕೆ ಕೇಳುವಾಗ, "ನೀವು ಎಷ್ಟು ಮಂದಿ?" ಎಂದರೆ ನಮಗೆ ನೋವಾಗುತ್ತದೆ. ತಲೆ ಎಣಿಸಿ ನ್ಯಾಯ ಹಂಚಬಾರದು ಎಂಬುದು ನಮ್ಮ ಪಾಲಿಗೆ ಸತ್ಯವಾದರೆ ಅವರ ಪಾಲಿಗೂ ಸತ್ಯ.

ನಗರಸಭೆಯನ್ನು ಕೇಳುವ ಮೊದಲು ನಮ್ಮ ಸಭಾಭವನಗಳನ್ನೂ ನೋಡಿಕೊಳ್ಳೋಣ. ರಾಜ್ಯೋತ್ಸವ ಮಹಡಿಯ ಮೇಲೆ, ಲಿಫ್ಟಿಲ್ಲ. ಮೊಣಕಾಲು ನೋವಿನ ಹಿರಿಯರು ಬರುವುದನ್ನು ಬಿಟ್ಟರೆ, "ಆಸಕ್ತಿ ಕಡಿಮೆಯಾಯಿತು" ಎಂದುಕೊಳ್ಳುತ್ತೇವೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಸದಸ್ಯರಲ್ಲಿ ನಮ್ಮ ವಿನಂತಿ.