ದಿನಕ್ಕೊಂದು ಧಮ್ಮ ಚಿಂತನೆ: ಹಲ್ಲುನೋವು ಮತ್ತು ಎರಡನೆಯ ಬಾಣ



ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಮಾತು ಹೇಳುತ್ತಾರೆ. ದೇಹಕ್ಕಾಗುವ ನೋವು ಮೊದಲ ಬಾಣ. ಅದು ಅರಿತವರಿಗೂ ತಗಲುತ್ತದೆ. ಆ ನೋವಿನ ಬಗ್ಗೆ ಮನಸ್ಸು ಪಡುವ ಸಂಕಟ ಎರಡನೆಯ ಬಾಣ. ಅರಿತವರಿಗೆ ಒಂದೇ ಬಾಣ, ಅರಿಯದವರಿಗೆ ಎರಡೂ.

ಹಲ್ಲಿನ ಆಸ್ಪತ್ರೆಯಲ್ಲಿ ಈ ಎರಡನೆಯ ಬಾಣ ಚೆನ್ನಾಗಿ ಕಾಣುತ್ತದೆ. ನಮ್ಮ ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಿವೆ. ಆದರೂ ಹುಳುಕು ಹಲ್ಲಿಗೆ ಲವಂಗ, ಹೊಗೆಸೊಪ್ಪು ಒತ್ತಿಕೊಂಡು ತಿಂಗಳುಗಟ್ಟಲೆ ನರಳುವವರಿದ್ದಾರೆ. ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಆಧಾರವಿಲ್ಲದ ಮಾತನ್ನು ನಂಬುವವರೂ ಇದ್ದಾರೆ.

ಕಳೆದ ತಿಂಗಳು ಅಶೋಕಪುರಂನ ನಮ್ಮ ದೊಡ್ಡಮ್ಮನನ್ನು ಹಲ್ಲು ಕೀಳಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೊದಲು ಬಿಪಿ, ಶುಗರ್ ನೋಡಿದರು. ಮನೆಯಲ್ಲಿ ಹತೋಟಿಯಲ್ಲಿದ್ದ ಬಿಪಿ ಅಲ್ಲಿ ಏರಿತ್ತು. ಬಿಪಿ 180/110 ಮುಟ್ಟಿದರೆ ತುರ್ತಿಲ್ಲದ ಚಿಕಿತ್ಸೆಯನ್ನು ಮುಂದೂಡುವುದು ದಂತವೈದ್ಯರ ರೂಢಿ. ಅಂದರೆ ಹೆದರಿಕೆಯಿಂದಲೇ ಚಿಕಿತ್ಸೆ ತಡವಾಗಬಹುದು, ತಡವಾದಷ್ಟೂ ನೋವು ಹೆಚ್ಚುತ್ತದೆ.

ಯಾಕೆ ಹೆದರಿಕೆ ಎಂದು ಕೇಳಿದೆ. ದೊಡ್ಡಮ್ಮ ಮೆಲ್ಲಗೆ, "ಬಾಯಿ ತೆಗೆದ್ರೆ ಅಸಹ್ಯ ಪಟ್ಕೋತಾರೆ ಕಣವ್ವ. ನೋಡು, ಕೈಗೆ ಚೀಲ ಹಾಕ್ಕೊಂಡೇ ಮುಟ್ತಾವ್ರೆ" ಅಂದರು. ತಲೆಮಾರುಗಳಿಂದ ನಮ್ಮವರಿಗೆ ನಾಟಿರುವ ಬಾಣ ಅದು. ಗ್ಲೌಸ್ ಎಲ್ಲರಿಗೂ ಹಾಕುತ್ತಾರೆ, ಸೋಂಕು ತಡೆಯಲಿಕ್ಕೆ, ನಮ್ಮನ್ನು ದೂರ ಇಡಲಿಕ್ಕಲ್ಲ ಎಂದು ಬಿಡಿಸಿ ಹೇಳಿದೆ. ಡಾಕ್ಟರಿಗೂ ಅವರ ಭಯ ತಿಳಿಸಿದೆ. ಅರ್ಧ ಗಂಟೆ ಹೊರಗೆ ಕೂತು ಉಸಿರಾಟ ಗಮನಿಸಿದ ಮೇಲೆ ಬಿಪಿ ಇಳಿಯಿತು. ಹಲ್ಲು ಕಿತ್ತಾಗ ಸ್ವಲ್ಪ ನೋವಾಯಿತು, ಅಷ್ಟೇ.

ಭಗವಾನರು ಕಾಯಾನುಪಸ್ಸನೆಯಲ್ಲಿ ಕೂದಲು, ಉಗುರುಗಳ ಜೊತೆ ಹಲ್ಲನ್ನೂ ಗಮನಿಸಲು ಹೇಳಿದ್ದಾರೆ. ಭಿಕ್ಖುಗಳಿಗೆ ಹಲ್ಲುಜ್ಜುವ ಕಡ್ಡಿ ಬಳಸಲು ಅನುಮತಿ ಕೊಟ್ಟಿದ್ದಾರೆ. ಸ್ವತಃ ವೈದ್ಯ ಜೀವಕನ ಔಷಧಿ ತೆಗೆದುಕೊಂಡಿದ್ದಾರೆ. ಬಾಬಾಸಾಹೇಬರು ಸಕ್ಕರೆ ಕಾಯಿಲೆಯ ನಡುವೆಯೇ 'ಬುದ್ಧ ಮತ್ತು ಅವನ ಧಮ್ಮ' ಬರೆದರು. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗ ಬೇಗ ಬರುತ್ತದೆ. ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಆದ್ದರಿಂದ ದೇಹವನ್ನು ಗಮನಿಸುವುದೂ ಧಮ್ಮದ ಅಭ್ಯಾಸವೇ.

ಇಂದಿನ ಸಂಕಲ್ಪ: ದಂತವೈದ್ಯರ ಬಳಿ ಸಮ್ಮಾ ವಾಚಾ ಪಾಲಿಸೋಣ. ಬಿಪಿ, ಶುಗರ್, ನುಂಗುವ ಮಾತ್ರೆ, ಹೊಗೆಸೊಪ್ಪಿನ ಅಭ್ಯಾಸ ಯಾವುದನ್ನೂ ಮುಚ್ಚಿಡದೆ ಹೇಳೋಣ. "ನನಗೆ ಭಯ ಇದೆ" ಎಂಬುದನ್ನೂ ಹೇಳೋಣ. ಮನೆಯ ಹಿರಿಯರು ಹೋಗುವಾಗ ಒಬ್ಬರು ಜೊತೆಗಿರೋಣ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.