ಅಟ್ಟದ ಮೇಲಿನ ತೊಟ್ಟಿಲು

ಹುಬ್ಬಳ್ಳಿಯಿಂದ ಹೊಸ ಹಿಮಾಲಯನ್ ಬೈಕು ಓಡಿಸಿಕೊಂಡು ಕಿರವತ್ತಿ ಮುಟ್ಟಿದಾಗ ಸಂಜೆ ಐದೂವರೆ. ಶೋರೂಮಿನ ಬಾಗಿಲಲ್ಲೇ ಚಕ್ರದಡಿ ಲಿಂಬೆಹಣ್ಣು ಒಡೆದಾಗಿತ್ತು. ಅದು ಹುಬ್ಬಳ್ಳಿ ದೃಷ್ಟಿಗೆ, ಇದು ನಮ್ಮೂರಿನ ದೃಷ್ಟಿಗೆ ಎಂದು ಅವ್ವ ಅಂಗಳದಲ್ಲಿ ಮತ್ತೆರಡು ಇಟ್ಟಳು. ಕಾಕಾ ಕಟ್ಟೆ ಇಳಿದು ಬಂದರು. ಬಣ್ಣ ನೋಡಲಿಲ್ಲ, ಟ್ಯಾಂಕು ಸವರಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಂದಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಕಿರವತ್ತಿ ಡಿಪೋದ ಸಾಗುವಾನಿ ದಿಮ್ಮಿ ಹೇರಿಕೊಂಡು ಮೂವತ್ತು ವರ್ಷ ಲಾರಿ ಓಡಿಸಿದವರ ನಮಸ್ಕಾರ ಅದು.

ಕಾಕಾ: ಎಷ್ಟು ಓಡೇತಿ?

ನಾನು: ಐವತ್ತೆರಡು ಕಿಲೋಮೀಟರ್.

ಕಾಕಾ: ಐವತ್ತಕ್ಕ ಎರಡೂವರೆ ತಾಸು? ನಮ್ಮ ಲೋಡ್ ಗಾಡಿ ಇದಕ್ಕಿಂತ ಮೊದಲು ಬರ್ತಿತ್ತು.

ನಾನು: ಹೊಸಾ ಎಂಜಿನ್ನು ಕಾಕಾ, ಈಗಿಂದೀಗ ಹಿಂಡಬಾರ್ದು. ಅದೂ ಅಲ್ದ ಕಲಘಟಗಿ ದಾಟಿದ ಮ್ಯಾಲೆ ರಸ್ತೆದ ಅರ್ಧಕ್ಕ ಗೋವಿನಜೋಳ ಹರವ್ಯಾರ.

ಕಾಕಾ: ಹರವಲಾರ್ದ ಏನ್ಮಾಡ್ಯಾರು? ಎಷ್ಟು ಎಚ್‌ಪಿ ಇದು?

ನಾನು: ನಲವತ್ತು. 452 ಸಿಸಿ. ತೂಕ 196 ಕಿಲೋ, ಟ್ಯಾಂಕು 17 ಲೀಟರ್.

ಕಾಕಾ: ನಾ ಹೊಡೀತಿದ್ದ ಟಾಟಾ 1210 ಐತಲ್ಲ, ಅದರ ಲೆಕ್ಕ ಹೆಸರಿನಾಗನ ಐತಿ. ಗಾಡಿ, ಲೋಡು ಎಲ್ಲಾ ಸೇರಿ 12 ಟನ್, 100 ಎಚ್‌ಪಿ. ಒಂದು ಎಚ್‌ಪಿ 120 ಕಿಲೋ ಎಳೀಬೇಕು. ನಿಂದು, ನಿನ್ನ ಮೈಭಾರಾನೂ ಕೂಡಿಸು, ಒಂದು ಎಚ್‌ಪಿಗೆ ಏಳು ಕಿಲೋ ಬೀಳತೈತಿ. ನಿನ್ನ ಸಾಲಿ ಎಷ್ಟು ದೂರ?

ನಾನು: ಮೂರು ಕಿಲೋಮೀಟರ್.

ಕಾಕಾ: ಹೂಂ.

ಆ 'ಹೂಂ' ಎಂಬುದಕ್ಕೆ ಉತ್ತರ ಕೊಡಲೇಬೇಕಾಯಿತು. ಇದು ದಿನಾ ಸಾಲಿಗೆ ಹೋಗುವ ಗಾಡಿಯಲ್ಲ, ಟೂರಿಂಗ್ ಗಾಡಿ, ಇದರ ಮೇಲೆ ಜನ ಲಡಾಖಿಗೆ ಹೋಗುತ್ತಾರೆ ಎಂದೆ.

ಕಾಕಾ: ಜನಾ ಹೋಗ್ತಾರ. ನೀ ಯಾವಾಗ ಹೊಂಟಿ?

ನಾನು: ಕಂತು ಮುಗೀಬೇಕು. ಮಗಳು ಸ್ವಲ್ಪ ದೊಡ್ಡಾಕಿ ಆಗಬೇಕು. ರಜಾ ಕೂಡಿ ಬರಬೇಕು.

ಕಾಕಾ: ಅಂದ್ರ ನೀ ಗಾಡಿ ತಗೊಂಡಿಲ್ಲ, 'ಹೋಗಬಹುದು' ಅನ್ನೋದನ್ನ ತಗೊಂಡಿ. ಅದಕ್ಕ ಎಷ್ಟು ಟ್ಯಾಕ್ಸ್ ಬಿತ್ತು?

ನಾನು: ನಲವತ್ತು ಪರ್ಸೆಂಟ್ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕ 18, ದಾಟಿದ್ರ 40. ಮ್ಯಾಲೆ ಆರ್‌ಟಿಓದ ಜೀವಾವಧಿ ತೆರಿಗಿ ಬ್ಯಾರೆ.

ಕಾಕಾ: ಜೀವಾವಧಿ ಅಂದ್ರ ಮೊದಲ ಶಿಕ್ಷಾ ನೆನಪಾಗ್ತಿತ್ತು. ನೋಡು, ನಾ ಹೇಳೋ ಮಾತನ್ನ ಸರ್ಕಾರಾನೂ ಹೇಳೇತಿ. 350ರ ತನಕ ಇದ್ರ ನಿನಗ ಕೆಲಸಾ ಐತಿ, ಅದರ ಮ್ಯಾಲಿಂದು ನಿನ್ನ ಚಟಾ.

ನಾನು: ಸರ್ಕಾರದ ಲೆಕ್ಕಾ ಬಿಡ್ರಿ. ಗೋವಿನಜೋಳದ ಸಲುವಾಗಿ ಅದು ಏನರ ಮಾಡೇತೇನು? ಕಾಳು ಹರವಿ ಸುತ್ತಲೂ ಕಲ್ಲು ಇಡ್ತಾರ. ಸಂಜಿಗೆ ಕಾಳು ತುಂಬಿಕೊಂಡು ಹೋಗ್ತಾರ, ಕಲ್ಲು ಅಲ್ಲೇ ಬಿಡ್ತಾರ. ಇವತ್ತ ಒಂದು ಕಲ್ಲು ಮುಂದಿನ ಚಕ್ರಕ್ಕ ಗೇಣು ಅಂತರದಾಗ ತಪ್ಪಿತು. ಹೆದ್ದಾರಿ ಏನು ಇವರ ಕಣಾ ಏನು?

ಕಾಕಾ: ಕಲ್ಲು ಬಿಡೂದು ತಪ್ಪು. ನಾನೂ ಒಮ್ಮೆ ರಾತ್ರಿ ಒಂದನ್ನ ಹತ್ತಿಸಿ ಟೈರ್ ಹರಕೊಂಡೀನಿ. ಆದ್ರ ಕಣಾ ಅಂದಿ ನೋಡು, ಅದು ಖರೇ. ಮೊದಲ ಎಲ್ಲಾರ ಹಿತ್ತಲದಾಗೂ ಸೆಗಣಿ ಸಾರಿಸಿದ ಕಣಾ ಇತ್ತು. ಈಗ ಅಷ್ಟು ಅಗಲ, ಅಷ್ಟು ಬಿಸಿ, ಅಷ್ಟು ನುಣುಪು ನೆಲಾ ಇರೋದು ಡಾಂಬರಿಂದು ಒಂದ. ಈ ರಸ್ತಾ ಅಂಕೋಲಾಕ್ಕ ಹೋಗೋರಿಗೆ ಅಂತ ಮಾಡಿದ್ದು. ಇಲ್ಲೇ ಇರೋರಿಗೆ ಇದರ ಉಪಯೋಗ ಏನು? ಅದಿರಿನ ಕಾಲದಾಗ ಬೇಲೇಕೇರಿ ಬಂದರಿಗೆ ಸಾಲು ಹಚ್ಚಿ ಲಾರಿ ಹೋಗ್ತಿದ್ದವಲ್ಲ, ಬದಿಗಿನ ಗಿಡದ ಎಲಿ ಎಲ್ಲಾ ಕೆಂಪು. ನಮ್ಮೂರಿಗೆ ಸಿಕ್ಕದ್ದು ಅದರ ಧೂಳ. ಆಗ ಈ ಹೆದ್ದಾರಿಗೆ 63 ಅಂತಿದ್ರು, ಈಗ 52 ಅಂತಾರ. ನಂಬರ್ ಬದಲಾತು. ಕಾಳು ಒಣಗಿಸೋರು ಕನಿಷ್ಠ ಪಕ್ಷ ರಸ್ತಾ ಎಲ್ಲಿ ಐತೋ ಅಲ್ಲೇ ಅದನ್ನ ಬಳಸ್ತಾರ.

ನಾನು: ಮಾತು ಎಲ್ಲಿಗೋ ಹೋತು.

ಕಾಕಾ: ಎಲ್ಲೂ ಹೋಗಿಲ್ಲ. ಎದಕ ಅಂತ ಮಾಡಿದ್ದು ಅನ್ನೋದು ಒಂದು, ಎದಕ ಬಳಸ್ತೀವಿ ಅನ್ನೋದು ಒಂದು. ನಿನ್ನ ಗಾಡಿ ಲಡಾಖಿಗೆ ಅಂತ ಮಾಡಿದ್ದು. ಸಾಲಿಗೆ ಒಯ್ಯಾಕ ನಿನಗ ನಾಚಿಕಿ. ಲಡಾಖಿಗೆ ಒಯ್ಯಾಕ ರಜಾ ಇಲ್ಲ. ನಡಬರಕ ಅದು ನಿಂತು ಏನ್ಮಾಡಬೇಕು? ನಾನೂ ದೇಶಾ ನೋಡೀನಿ. ಹೆಂಗ ನೋಡೀನಿ? ಬೆನ್ನ ಹಿಂದ ಏಳೆಂಟು ಟನ್ ಇಟ್ಟುಕೊಂಡು. ಅರಬೈಲ್ ಘಟ್ಟ ಇಳಿಯೋ ಮುಂದ ಲಾರಿಯವ ಯಾವನೂ ಕಾಡು ನೋಡೂದಿಲ್ಲ, ಬ್ರೇಕ್ ಸುಟ್ಟ ವಾಸನಿ ಬರ್ತೈತೇನು ಅಂತ ಮೂಗು ಎತ್ತಿಕೊಂಡಿರ್ತಾನ. ಆದ್ರ ಒಂದು ಹೇಳ್ತೀನಿ. ಲೋಡ್ ಇದ್ದ ಗಾಡಿ ರಸ್ತೆದ ಮ್ಯಾಲೆ ಕುಂದ್ರತೈತಿ. ಪಾಟಾ ಎಲ್ಲಾ ಒತ್ತಿಕೊಂಡು, ಆನಿ ನಡದಂಗ. ಇಳಿಸಿ ಖಾಲಿ ಬರ್ರಿ, ಅದ ಗಾಡಿ ಸಣ್ಣ ತಗ್ಗಿಗೂ ಕುಣಿತೈತಿ, ಸ್ಟಿಯರಿಂಗ್ ಕೈಯಾಗ ನಿಂದ್ರೂದಿಲ್ಲ. ಅದಕ್ಕ ನಾವು ಮಾಲಕನ ಹಂತ್ಯಾಕ ರಿಟರ್ನ್ ಲೋಡ್ ಕೇಳ್ತಿದ್ವಿ. ಬಾಡಿಗಿ ಆಸೆಗೆ ಅಷ್ಟ ಅಲ್ಲ, ಗಾಡಿ ನೆಟ್ಟಗ ಓಡಲಿ ಅಂತ. ನೀವು ಟೂರ್ ಅನ್ನೋದು ನನಗ ಹಂಗ ಕಾಣ್ತೈತಿ, ಹೋಗೂದೂ ಖಾಲಿ, ಬರೂದೂ ಖಾಲಿ.

(ಇಲ್ಲಿ ನಾನು ಹೇಳಬಹುದಾದ ಒಳ್ಳೆಯ ಮಾತೊಂದಿತ್ತು. ಹೊಳೆದದ್ದು ಮಾತ್ರ ರಾತ್ರಿ ಹಾಸಿಗೆಯಲ್ಲಿ. ಆಗ ಬಾಯಿಗೆ ಬಂದದ್ದು ಸ್ಟೆಪ್ನಿ.)

ನಾನು: ಸ್ಟೆಪ್ನಿ ಇಟ್ಟುಕೊಂಡು ತಿರುಗತಿದ್ರಲ್ಲ ಕಾಕಾ. ಅದು ನೂರರಾಗ ತೊಂಬತ್ತು ದಿನಾ ಸುಮ್ಮನ ಜೋತಾಡತಿತ್ತು. ಅದನ್ನ ದಂಡ ಅಂದ್ರೇನು? ಬೇಕಾದಾಗ ಐತಿ ಅನ್ನೋ ಧೈರ್ಯಾನೂ ಒಂದು ಉಪಯೋಗ.

ಕಾಕಾ: ಸ್ಟೆಪ್ನಿ ಓಡೋ ಗಾಡಿಗೆ ಇರೂದು. ನಿಂತ ಗಾಡಿಗೆ ಯಾವನರ ಸ್ಟೆಪ್ನಿ ಕಟ್ತಾನೇನು?

ನಾನು: ಹಂಗಾದ್ರ ನಮ್ಮ ಅಟ್ಟದ ಮ್ಯಾಲಿನ ತೊಟ್ಟಿಲು?

ಕಾಕಾ ಬೀಡಿ ಹಚ್ಚುವುದನ್ನು ನಿಲ್ಲಿಸಿದರು. ಕಲಘಟಗಿಯ ತೊಟ್ಟಿಲು ಅದು. ಕಾಕಾ ತಮ್ಮ ದೊಡ್ಡ ಮಗಳು ಹುಟ್ಟುವ ಮೊದಲು ಹೇಳಿ ಮಾಡಿಸಿದ್ದು. ಸಾಗುವಾನಿ ಹಲಗೆಗೆ ಅರಗಿನ ಬಣ್ಣ, ಬದಿಗಳಲ್ಲಿ ಕೃಷ್ಣನ ಬಾಲಲೀಲೆ. ಬೆಣ್ಣೆ ಕದಿಯುವ ಕೃಷ್ಣನ ಒಂದು ಕಾಲು, ಯಾವುದೋ ಕೂಸು ಹಲ್ಲು ಬರುವಾಗ ಕಚ್ಚಿದ್ದಕ್ಕೆ, ಮೊಣಕಾಲ ಕೆಳಗೆ ಇಲ್ಲ.

ನಾನು: ಎರಡು ವರ್ಷದ ಹಿಂದ ನನ್ನ ಮಗಳಿಗೆ ಇಳಿಸಿದ್ವಿ. ಅದಕ್ಕೂ ಮೊದಲ ಎಷ್ಟು ವರ್ಷ ಮ್ಯಾಲೆ ಇತ್ತು? ಯಾರೂ ಅದನ್ನ ಮಾರು ಅನ್ನಲಿಲ್ಲ.

ಕಾಕಾ: ಯಾರೂ ಅನ್ನೂದಿಲ್ಲ. ಅದು ಹೌದು.

ನಾನು ಗೆದ್ದೆ ಅಂದುಕೊಂಡೆ. ಕಾಕಾ ಬೀಡಿ ಹಚ್ಚಿ ಎರಡು ಜುರಕಿ ಎಳೆಯುವವರೆಗೆ ಗೆದ್ದೇ ಇದ್ದೆ.

ಕಾಕಾ: ಆದ್ರ ತಮ್ಮಾ, ಆ ತೊಟ್ಟಿಲಾ ನಿನಗೊಬ್ಬಗ ಇಳದದ್ದಲ್ಲ. ಈ ಓಣಿಯಾಗ ಏಳು ಮನಿ ಕೂಸು ಅದರಾಗ ಮಲಗ್ಯಾವ. ಕೇಳಾಕ ಬಂದ್ರ ಕೊಟ್ಟೀವಿ, ಅರಶಿನಾ ಕುಂಕುಮಾ ಹಚ್ಚಿ ಹೊಳ್ಳಿ ತಂದು ಕೊಟ್ಟಾರ. ದೀಪಾವಳಿಗೆ ಒಮ್ಮೆ ಇಳಿಸಿ ನಾನ ಒರಸ್ತೀನಿ, ಸರಪಳಿಗೆ ಎಣ್ಣಿ ಬಿಡ್ತೀನಿ, ನೀ ನೋಡೀಯೋ ಇಲ್ಲೋ. ಮತ್ತೊಂದು ಐತಿ. ತೊಟ್ಟಿಲಾ ಇಳಿಸೋ ದಿನಾ ನಾವು ಆರಿಸೂದಿಲ್ಲ. ಅದು ಬರತೈತಿ. ಕಂತು ಮುಗೀಲಿ, ರಜಾ ಸಿಗಲಿ ಅಂತ ಕೂಸು ಕಾಯೂದಿಲ್ಲ. ನಿನ್ನ ಲಡಾಖಿಗೆ ಎಷ್ಟು ತಿಂಗಳಾ ತುಂಬ್ಯಾವ, ಹೇಳು.

ನಾನು: ಇನ್ನೂ ಸುದ್ದೀನ ಇಲ್ಲ.

ಕಾಕಾ: ಅಷ್ಟ. 'ಹೋಗಬಹುದು' ಅನ್ನೋದನ್ನ ಇಟ್ಟುಕೊಳ್ಳೂದು ತಪ್ಪಲ್ಲ, ನಾ ಬ್ಯಾಡ ಅಂದಿಲ್ಲ. ಇಟ್ಟುಕೊಂಡವ ಅದಕ್ಕ ಎಣ್ಣಿ ಬಿಡ್ತಾ ಇರಬೇಕು, ನೆರಿಯವರು ಕೇಳಿದ್ರ ಕೊಡಬೇಕು. ಇಲ್ಲಾಂದ್ರ ಟೈರ್ ನಿಂತಲ್ಲೇ ಚಪ್ಪಟಿ ಆಗ್ತೈತಿ. ಇದನ್ನ ಯಾರಿಗರ ಕೊಡ್ತೀ ಏನು?

ನಾನು ಸುಮ್ಮನಿದ್ದೆ. ಕೊಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ.

ಕಾಕಾ: ಮೊದಲ ಸರ್ವಿಸ್ ಯಾವಾಗ?

ನಾನು: 500 ಕಿಲೋಮೀಟರಿಗೆ, ಇಲ್ಲಾ 45 ದಿನಕ್ಕ. ಯಾವುದು ಮೊದಲ ಬರ್ತೈತೋ ಅದು.

ಕಾಕಾ: 52 ಕಳದ್ರ 448 ಉಳೀತು. ಸಾಲಿಗೆ ಹೋಗಿ ಬರಾಕ ದಿನಾ ಆರು. 75 ದಿನಾ ಬೇಕು, ಅದೂ ಐತವಾರ ಬಿಟ್ಟು. 45ರಾಗ ಮುಗಿಯಂಗಿಲ್ಲ.

ನಾನು: ಹಂಗಾದ್ರ ಎಲ್ಲೆರ ಹೋಗಬೇಕಾಕ್ಕೈತಿ.

ಕಾಕಾ: ಹೋಗಬೇಕಾಕ್ಕೈತಿ.

ನಾನು: ಐತವಾರ ಅರಬೈಲ್ ಇಳದು ಅಂಕೋಲಾಕ್ಕ ಹೋಗಿ ಬರೂಣ? ಈ ಸಲಾ ಕಾಡು ನೋಡಬಹುದು. ಬ್ರೇಕಿನ ಚಿಂತಿ ನನಗ ಇರಲಿ.

ಕಾಕಾ ಎದ್ದು, ಬೀಡಿ ಹೊಸಕಿ, ಹಿಂದಿನ ಸೀಟಿನ ಎತ್ತರವನ್ನು ತಮ್ಮ ಸೊಂಟಕ್ಕೆ ಅಳೆದು ನೋಡಿದರು.

ಕಾಕಾ: ಹಿಂದ ಕುಂತು ರೂಢಿ ಇಲ್ಲಪಾ ನನಗ.