ಕಾಣದ ಬೇನೆಯನ್ನು ನಂಬತಕ್ಕದ್ದೋ?

ಕೈ ಮುರಿದವನನ್ನು ಯಾರೂ ಸುಳ್ಳುಗಾರನೆನ್ನುವದಿಲ್ಲ. ಯಾಕಂದರೆ ಅವನ ಕಟ್ಟು ಎಲ್ಲರ ಕಣ್ಣಿಗೆ ಬೀಳುತ್ತದೆ. ದವಡೆಯ ಕೀಲು ನೋಯುವವರಿಗಾದರೋ ತೋರಿಸುವದಕ್ಕೆ ಗಾಯವಿಲ್ಲ. ಅಂಥವರ ಮಾತನ್ನು ನಾವು ಯಾವ ಆಧಾರದಿಂದ ನಂಬಬೇಕು?

ಒಮ್ಮೆ ನಮ್ಮ ಸಭೆಯ ಸಹೋದರಿಯೊಬ್ಬಳು ಬಂದು, “ಅಯ್ಯನವರೇ, ರೊಟ್ಟಿ ಅಗಿಯಲಾರೆನು, ಆಕಳಿಸಲಾರೆನು, ರಾತ್ರಿ ನಿದ್ರೆಯಿಲ್ಲ. ಸುಮ್ಮಸುಮ್ಮನೆ ಮಕ್ಕಳನ್ನು ಹೊಡೆಯುತ್ತೇನೆ, ಆಮೇಲೆ ಅಳುತ್ತೇನೆ” ಎಂದಳು. ಹಲ್ಲಿನ ವೈದ್ಯರು ಎಕ್ಸ್‌ರೇ ತೆಗೆದು ಏನೂ ಇಲ್ಲವೆಂದಿದ್ದರು. ನಾವು ಅದನ್ನೇ ಹಿಡಿದು, “ತಂಗೀ, ಮನಸ್ಸನ್ನು ಗಟ್ಟಿಮಾಡಿಕೋ” ಎಂದು ಹೇಳಿ ಕಳುಹಿಸಿದೆವು. ಆಕೆಯು ಮರುಮಾತಾಡದೆ ಹೋದಳು. ಆ ಮೌನವನ್ನು ನಾವು ಸಮಾಧಾನವೆಂದೆಣಿಸಿದೆವು. ಕೆಲವು ತಿಂಗಳ ಮೇಲೆ ಆಕೆಯು ಮದುವೆಯೂಟಗಳಿಗೂ ನೆರೆಮನೆಗೂ ಹೋಗುವದನ್ನು ಬಿಟ್ಟಿದ್ದಾಳೆಂದು ಕೇಳಿದಾಗ ನಮ್ಮ ಎದೆಗೆ ಚುಚ್ಚಿತು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಈ ಕೀಲು ಚಲಿಸುವದು ತಿಳಿಯುತ್ತದೆ. ಇದು ಬಾಗಿಲ ತಿರುಗಣಿಯಂತೆ ತಿರುಗುವದಲ್ಲದೆ ಮುಂದಕ್ಕೂ ಜಾರುತ್ತದೆ. ಎಲುಬುಗಳ ನಡುವೆ ಮೆತ್ತೆಯಂಥ ಬಿಲ್ಲೆಯಿದೆ. ಅನೇಕರಲ್ಲಿ ಬೇನೆಯು ಅಗಿಯುವ ಸ್ನಾಯುಗಳಲ್ಲಿರುತ್ತದೆ. ಸಾಧಾರಣ ಎಕ್ಸ್‌ರೇಯು ಎಲುಬನ್ನು ತೋರಿಸುವದೇ ಹೊರತು ಆ ಸ್ನಾಯುವನ್ನಾಗಲಿ ಬಿಲ್ಲೆಯನ್ನಾಗಲಿ ತೋರಿಸದು. ಆದಕಾರಣ ಚಿತ್ರದಲ್ಲಿ ಏನೂ ಇಲ್ಲವೆಂಬದರಿಂದ ಬೇನೆಯೇ ಇಲ್ಲವೆಂದಾಗುವದಿಲ್ಲ. ಬಲ್ಲವರೂ ಇದರಲ್ಲಿ ತಪ್ಪಿದ್ದಾರೆ. 1934ರಲ್ಲಿ ಅಮೇರಿಕಾದ ಸೇಂಟ್ ಲೂಯಿಸ್ ಪಟ್ಟಣದ ಕಿವಿವೈದ್ಯರಾದ ಜೇಮ್ಸ್ ಕಾಸ್ಟನ್ನರು, ಹಲ್ಲು ಬಿದ್ದು ದವಡೆ ಹೆಚ್ಚಾಗಿ ಮುಚ್ಚಿಕೊಳ್ಳುವದೇ ಕಾರಣವೆಂದು ಬರೆದರು. ಆ ವಿವರಣೆಯು ಮುಂದೆ ನಿಲ್ಲಲಿಲ್ಲ.

ಇನ್ನು ಮನಸ್ಸಿನ ಮಾತು. ಬಹುಕಾಲದ ಬೇನೆಯು ನಿದ್ರೆಯನ್ನು ಕೆಡಿಸಿ ಮನಸ್ಸನ್ನು ಕುಗ್ಗಿಸುತ್ತದೆ. ಕಳವಳಗೊಂಡವನು ತಿಳಿಯದೆ ಹಲ್ಲು ಕಚ್ಚಿ ಹಿಡಿಯುತ್ತಾನೆ, ಅದರಿಂದ ಬೇನೆ ಬಲಿಯುತ್ತದೆ. ಗಾಣದ ಎತ್ತಿನ ಹಾಗೆ ಇವೆರಡೂ ಸುತ್ತುತ್ತಿರುವಾಗ ಯಾವದು ಮೊದಲೆಂದು ಕೇಳುವವರು ಹೆಚ್ಚಾಗಿ ತಪ್ಪು ಹೊರಿಸುವದಕ್ಕೇ ಕೇಳುತ್ತಾರೆ. ಯೋಬನ ಮೂವರು ಸ್ನೇಹಿತರು ಏಳು ದಿನ ಮಾತಾಡದೆ ಅವನ ಬಳಿಯಲ್ಲಿ ಕೂತದ್ದು ಒಳ್ಳೆಯದಾಗಿತ್ತು. ಕಾರಣ ಹೇಳಹೊರಟಾಗ ಕೆಟ್ಟಿತು.

ಹಾಗಾದರೆ ಮಗುವಿಗೆ ಬಿದ್ದ ಪೆಟ್ಟು? ಬೇನೆಯು ತಾಯಿಯ ತಪ್ಪನ್ನು ಹಗುರಮಾಡುತ್ತದೆ, ಮಗುವಿನ ಅಳುವನ್ನು ಹಗುರಮಾಡುವದಿಲ್ಲ. ಸಿಟ್ಟಿಗಾಗಿ ತಾಯಿಯು ಮಗುವನ್ನು ಸಂತೈಸಲಿ, ರೋಗಕ್ಕಾಗಿ ನಾಚಿಕೆಪಡಬೇಕಾದದ್ದಿಲ್ಲ. ಮನೆಯವರು ಮೃದುವಾದ ಅನ್ನ ಮಾಡಿಕೊಟ್ಟು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಲಿ. ಶಸ್ತ್ರಚಿಕಿತ್ಸೆಯಿಲ್ಲದೆ ಇದು ಬಹಳ ಮಂದಿಗೆ ತಗ್ಗುತ್ತದೆ. ಬಾಯಿ ಸಿಕ್ಕಿಕೊಂಡರೆ, ಇಲ್ಲವೆ ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಬೇನೆಯನ್ನು ಕುರಿತು ಅಭ್ಯಾಸಮಾಡುವ ಅಂತರರಾಷ್ಟ್ರೀಯ ಸಂಘದವರು 2020ರಲ್ಲಿ ಬೇನೆಯೆಂಬದರ ಅರ್ಥವನ್ನು ತಿದ್ದಿ ಬರೆದಾಗ, ನೋಯುತ್ತದೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಸೇರಿಸಿದರು. ಅದನ್ನು ಓದಿದ ಮೇಲೆ ನಾವು ಆ ಸಹೋದರಿಯ ಮನೆಗೆ ಹೋಗಿ, ಅಂದಿನ ಮಾತಿಗಾಗಿ ಕ್ಷಮೆ ಬೇಡಿದೆವು. ಆಕೆಯು ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, “ಮಾತಾಡಿದರೂ ನೋಯುತ್ತಿತ್ತು, ಅಯ್ಯನವರೇ, ಅದಕ್ಕೇ ಅಂದು ಸುಮ್ಮನೆ ಹೋದೆನು” ಎಂದಳು.